ಆಕಾಶ ಖರೆ, ನೆಲ ಸುಳ್ಳು

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸದ ಬಗ್ಗೆ ಎರಡು ತೀರ್ಪುಗಳು ಬಹಳ ಕಾಲದಿಂದ ಚಲಾವಣೆಯಲ್ಲಿವೆ. ಪೈಲಟ್‌ಗಳು ಹೇಳುವುದು: ಇದು ಆಟ, ಕುರ್ಚಿ ಕದಲುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ, ಮೈಗೆ ಏನೂ ತಿಳಿಯುವುದಿಲ್ಲ. ಹವ್ಯಾಸಿಗಳು ಹೇಳುವುದು: ಇದು ಹೆಚ್ಚುಕಡಿಮೆ ನಿಜವೇ, ಈಗ ಇಡೀ ಭೂಮಿ ಪರದೆಯ ಮೇಲಿದೆ, ಬೇಕಾದರೆ ಕಿತ್ತೂರು ಕೋಟೆಯ ಮೇಲೂ ಸವದತ್ತಿಯ ಎಲ್ಲಮ್ಮನ ಗುಡ್ಡದ ಮೇಲೂ ಒಂದು ಸುತ್ತು ಹಾಕಿ ಬರಬಹುದು. ಈ ಎರಡು ಬಣಗಳು ಎಷ್ಟೇ ಜಗಳಾಡಲಿ, ಅಳೆಯುವ ಕೋಲು ಮಾತ್ರ ಇಬ್ಬರ ಕೈಯಲ್ಲೂ ಒಂದೇ. ಕಣ್ಣಿಗೆ, ಕಿವಿಗೆ, ಮೈಗೆ ಎಷ್ಟು ಹತ್ತಿರ ಬಂತೋ ಅಷ್ಟು ನಿಜ ಎಂಬುದು ಆ ಕೋಲು. ನನ್ನ ತಕರಾರು ಇರುವುದು ಕೋಲಿನ ಮೇಲೆಯೇ. ತೆಗಳುವವರು ಬೆರಳಿಟ್ಟು ತೋರಿಸುವ ಜಾಗದಲ್ಲಿ ಸಿಮ್ಯುಲೇಟರ್ ಹೆಚ್ಚು ಸಾಚಾ. ಹೊಗಳುವವರು ಮೆಚ್ಚಿ ತೋರಿಸುವ ಜಾಗದಲ್ಲಿ ಅದು ಹೆಚ್ಚು ಸುಳ್ಳು.

ಇದೆಲ್ಲ ಬೆಂಗಳೂರಿನ ಜಕ್ಕೂರಿನ ಹಾರಾಟ ಶಾಲೆಯಲ್ಲಿ ಕೂತು ಮಾಡುವ ಚರ್ಚೆ ಎಂದು ಬೈಲಹೊಂಗಲ, ರಾಮದುರ್ಗದ ಓದುಗರು ಪುಟ ತಿರುಗಿಸಬೇಕಿಲ್ಲ. ಬೆಳಗಾವಿಯ ಸಾಂಬ್ರಾ ನಿಲ್ದಾಣ 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಹಾರಾಟ ತರಬೇತಿ ಶಾಲೆಗಳಿಗೆಂದು ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೂ ಒಂದು, ಕಲಬುರಗಿಯೂ ಒಂದು. ಪಡುವಣ ಗಾಳಿ ಬೀಸುವ ಮಳೆಗಾಲದಲ್ಲಿ ಸಾಂಬ್ರಾದ 26ನೇ ರನ್‌ವೇಗೆ ಇಳಿಯುವ ವಿಮಾನ ಬೈಲಹೊಂಗಲದ ಕಡೆಯಿಂದಲೇ ಬರಬೇಕು. ಆ ಸದ್ದಿಗೆ ತಲೆಯೆತ್ತಿದ ಮಕ್ಕಳಲ್ಲಿ ಕೆಲವರು ಪಿಯುಸಿ ಸೈನ್ಸ್ ಮುಗಿಸುವ ಹೊತ್ತಿಗೆ ಲ್ಯಾಪ್‌ಟಾಪಿಗೆ ಸಿಮ್ಯುಲೇಟರ್ ಹಾಕಿಸಿಕೊಂಡಿರುತ್ತಾರೆ. ನಿಜವಾದ ತರಬೇತಿಗೆ ಗಂಟೆಗೆ ಐದಂಕಿಯ ಫೀ; ಲೈಸೆನ್ಸ್ ಕೈಗೆ ಬರುವಷ್ಟರಲ್ಲಿ ಅನೇಕ ಮನೆಗಳಲ್ಲಿ ಹೊಲ ಮಾರುವ ಮಾತು ಬಂದಿರುತ್ತದೆ. ಆದ್ದರಿಂದ ಕೆಲವು ಸಾವಿರಕ್ಕೆ ಸಿಗುವ ತಂತ್ರಾಂಶ ಯಾವುದನ್ನು ಕಲಿಸುತ್ತದೆ, ಯಾವುದನ್ನು ಕಲಿಸಿದಂತೆ ನಟಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ರಸಿಕರ ಹರಟೆಯಲ್ಲ, ಮನೆಯ ಲೆಕ್ಕ.

ಮೊದಲು ಮೈಯ ಮಾತು. ಹಾರಾಟವನ್ನು ಆಸನದಿಂದ ತಿಳಿಯಬೇಕು, ಅದು ಮನೆಯ ಕುರ್ಚಿಯಲ್ಲಿ ಇಲ್ಲ ಎನ್ನುವುದು ಅನುಭವಿಗಳ ಆಕ್ಷೇಪ. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ, ತೀರ್ಮಾನದ ಬಗ್ಗೆ ಇಲ್ಲ. ಒಳಕಿವಿಯ ದ್ರವ ತಿರುವು ಶುರುವಾದದ್ದನ್ನು ಹೇಳುತ್ತದೆ. ತಿರುವು ಒಂದೇ ಸಮನೆ ಮುಂದುವರಿದರೆ ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗಿಬಿಡುತ್ತದೆ. ಆಮೇಲೆ ವಿಮಾನವನ್ನು ನೆಟ್ಟಗೆ ಮಾಡಿದರೆ, ಈಗ ಆಚೆಬದಿಗೆ ವಾಲುತ್ತಿದೆ ಎಂದು ಮೈ ಹಟ ಹಿಡಿಯುತ್ತದೆ. ದಿಗಂತ ಕಾಣುವಾಗ ಕಣ್ಣು ಈ ಸುಳ್ಳನ್ನು ತಿದ್ದುತ್ತದೆ. ಮೋಡದೊಳಗೆ ತಿದ್ದುವವರು ಯಾರೂ ಇಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ 1954ರ ಅಧ್ಯಯನವನ್ನು ಪೈಲಟ್‌ಗಳೇ ಆಗಾಗ ನೆನೆಯುತ್ತಾರೆ. ಉಪಕರಣ ನೋಡಿ ಹಾರುವ ತರಬೇತಿಯಿಲ್ಲದ 20 ಮಂದಿಯನ್ನು ಮೋಡ ಹೊಕ್ಕಂಥ ಸ್ಥಿತಿಗೆ ಒಡ್ಡಿದಾಗ 20 ಮಂದಿಯೂ ನಿಯಂತ್ರಣ ಕಳೆದುಕೊಂಡರು. ಸರಾಸರಿ 178 ಸೆಕೆಂಡುಗಳಲ್ಲಿ. ಅವರು ನಿಜವಾದ ವಿಮಾನದಲ್ಲಿ ಕೂತಿದ್ದರು. ಮೈಗೆ ಬೇಕಾದ ಎಲ್ಲ ಸುದ್ದಿಯೂ ತಲುಪುತ್ತಿತ್ತು. ಕೆಡಿಸಿದ್ದೂ ಆ ಸುದ್ದಿಯೇ.

ಸಿಮ್ಯುಲೇಟರಿಗೆ ಸೇನೆಯಲ್ಲಿ ಜಾಗ ಸಿಕ್ಕಿದ್ದೂ ಈ ಕೊರತೆಯನ್ನು ನೀಗಲು. ಎಡ್ವಿನ್ ಲಿಂಕ್ ಎಂಬಾತ ತಂದೆಯ ಆರ್ಗನ್ ಕಾರ್ಖಾನೆಯ ಗಾಳಿತಿದಿಗಳನ್ನು ಬಳಸಿ 1929ರಲ್ಲಿ ತನ್ನ ತರಬೇತಿ ಯಂತ್ರ ಕಟ್ಟಿದ. ಜನ ಅದನ್ನು ಜಾತ್ರೆಯ ಆಟಿಕೆ ಎಂದುಕೊಂಡರು. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳು ಅಂಚೆ ಹೊತ್ತು ಕೆಟ್ಟ ಹವೆಯಲ್ಲಿ ಹಾರಿ ಒಬ್ಬರ ಹಿಂದೊಬ್ಬರು ಬಿದ್ದು ಸತ್ತ ಮೇಲೆ ಸೇನೆ ಅದೇ ಆಟಿಕೆಗಳಲ್ಲಿ ಆರನ್ನು ಕೊಂಡಿತು. ಲಿಂಕ್ ಯಂತ್ರ ಅಲುಗುತ್ತಿತ್ತು ಎಂದು ಯಾರಾದರೂ ನೆನಪಿಸಬಹುದು. ಅಲುಗುತ್ತಿತ್ತು, ಹೌದು. ಆದರೆ ಸೇನೆ ಹಣ ಕೊಟ್ಟದ್ದು ಅಲುಗಾಟಕ್ಕಲ್ಲ, ಮೇಲೆ ಮುಚ್ಚುವ ಮುಚ್ಚಳಕ್ಕೆ. ಹೊರಗಿನದೇನೂ ಕಾಣದಂತೆ ಮಾಡಿ, ಮೈ ಹೇಳಿದ್ದನ್ನು ಬದಿಗಿಟ್ಟು ಮುಳ್ಳು ಹೇಳಿದ್ದನ್ನು ನಂಬುವುದನ್ನು ಅದು ಕಲಿಸಿತು. ಮನೆಯ ಸಿಮ್ಯುಲೇಟರಿನಲ್ಲಿ ಅಲುಗದ ಕುರ್ಚಿಯ ಮೇಲೆ ಕೂತು ಮೋಡದೊಳಗೆ ಹಾರುವ ಹುಡುಗಿ ಕಲಿಯುತ್ತಿರುವುದೂ ಇದನ್ನೇ: ಕೃತಕ ದಿಗಂತ, ವೇಗ, ಎತ್ತರ, ದಿಕ್ಕು ಎಂದು ಕಣ್ಣನ್ನು ಸರದಿಯಂತೆ ತಿರುಗಿಸುವ ಶಿಸ್ತು. ಮೈ ಸುಳ್ಳು ಹೇಳುವಾಗಲೂ ಆ ಶಿಸ್ತು ಉಳಿಯುತ್ತದೆಯೇ ಎಂಬ ಪರೀಕ್ಷೆ ಮಾತ್ರ ಆಕಾಶದಲ್ಲಿ ಆಗಬೇಕು. ಆದರೆ ಪರೀಕ್ಷೆ ಬೇರೆ ಕಡೆ ನಡೆಯುತ್ತದೆಂದು ಪಾಠವನ್ನು ಹುಸಿ ಎನ್ನಲಾಗದು.

ನಮ್ಮ ವಿಮಾನಯಾನ ನಿಯಮಗಳನ್ನು ಬರೆದವರು ಈ ವ್ಯತ್ಯಾಸವನ್ನು ಬಣಗಳಿಗಿಂತ ಚೆನ್ನಾಗಿ ಬಲ್ಲರು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ ಉಪಕರಣ ನೋಡಿ ಹಾರುವ 10 ಗಂಟೆಯಲ್ಲಿ 5 ಗಂಟೆಯನ್ನು ಮಾನ್ಯತೆ ಪಡೆದ ಸಿಮ್ಯುಲೇಟರಿನಲ್ಲಿ ಮಾಡಬಹುದು. ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಬೇಕಾದ 40 ಗಂಟೆಯಲ್ಲಿ 20ರವರೆಗೂ ಸಿಮ್ಯುಲೇಟರಿಗೆ ಬಿಟ್ಟಿದ್ದಾರೆ. ಒಬ್ಬರೇ ಹೊಣೆ ಹೊತ್ತು ಊರಿಂದೂರಿಗೆ ಹಾರುವ ಕ್ರಾಸ್‌ಕಂಟ್ರಿಗೆ, ರಾತ್ರಿ ಇಳಿಸುವುದಕ್ಕೆ ಒಂದು ನಿಮಿಷದ ರಿಯಾಯಿತಿಯೂ ಇಲ್ಲ. ಮನೆಯ ಕಂಪ್ಯೂಟರಿನ ಗಂಟೆಗಳಿಗೆ ಲಾಗ್‌ಬುಕ್ಕಿನಲ್ಲಿ ಜಾಗವೇ ಇಲ್ಲ, ಅದು ಬೇರೆ ಮಾತು. ಈ ಹಂಚಿಕೆಯನ್ನು ನೋಡಿ: ಮೋಡದೊಳಗಿನ ಹಾರಾಟಕ್ಕೆ ಅರ್ಧದಷ್ಟು ನಂಬಿಕೆ, ನೆಲ ನೋಡಿ ಹಾರುವುದಕ್ಕೆ ಸೊನ್ನೆ.

ಇತಿಹಾಸ ಹೇಳುವುದೂ ಅದನ್ನೇ. ಬ್ರೂಸ್ ಆರ್ಟ್‌ವಿಕ್ 1979ರಲ್ಲಿ ಆ್ಯಪಲ್ ಕಂಪ್ಯೂಟರಿಗೆ ಮಾಡಿದ ಮೊದಲ ಸಿಮ್ಯುಲೇಟರಿನಲ್ಲಿ ನೆಲವೆಂದರೆ ನಾಲ್ಕಾರು ಗೆರೆಗಳು. 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ಐಬಿಎಂ ಕಂಪ್ಯೂಟರಿಗೆ ತಂದಾಗಲೂ ಊರು, ಬೆಟ್ಟಗಳು ಗೆರೆ-ಬಣ್ಣದ ತುಂಡುಗಳೇ. ಆದರೆ ರೇಡಿಯೋ ಕಿರಣ ಹಿಡಿದು ದಾರಿ ಕಾಣುವ ಉಪಕರಣಗಳು ಅದರಲ್ಲಿ ಆಗಲೇ ಇದ್ದವು, ಕೆಲಸವನ್ನೂ ಮಾಡುತ್ತಿದ್ದವು. 2020ರ ಆಗಸ್ಟ್ 18ರಂದು ಬಂದ ಆವೃತ್ತಿ ಉಪಗ್ರಹ ಚಿತ್ರಗಳನ್ನು ಹೊದಿಸಿ ಇಡೀ ಭೂಗೋಳವನ್ನು ಕಟ್ಟಿಕೊಟ್ಟಿತು. 2024ರ ನವೆಂಬರಿನಲ್ಲಿ ಅದರ ಮುಂದಿನದೂ ಬಂತು. ಈ ನಾಲ್ಕು ದಶಕಗಳಲ್ಲಿ ನೆಲ ಸಾವಿರ ಪಟ್ಟು ಬೆಳೆಯಿತು. ಮುಳ್ಳು ನೋಡಿ ಹಾರುವ ಪಾಠ ಅಷ್ಟು ಪಟ್ಟು ಬೆಳೆಯಲಿಲ್ಲ, ಬೆಳೆಯಬೇಕಾಗಿಯೂ ಇರಲಿಲ್ಲ. ಪ್ರತಿ ಆವೃತ್ತಿಗೂ ‘ಈಗ ನಿಜವಾಯಿತು’ ಎಂದು ಉದ್ಗರಿಸುವ ವಿಮರ್ಶಕರು ಅಳೆಯುತ್ತ ಬಂದದ್ದು ಚಿತ್ರವನ್ನು.

ಗಾಳಿಯ ಲೆಕ್ಕದಲ್ಲೂ ಸಿಮ್ಯುಲೇಟರನ್ನು ಕಡೆಗಣಿಸುವಂತಿಲ್ಲ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಅಷ್ಟು ಎತ್ತರಕ್ಕೆ ಪಠ್ಯಪುಸ್ತಕದ ಉಷ್ಣಾಂಶ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ 37 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ರೆಕ್ಕೆಯ ಪಾಲಿಗೆ ಆ ರನ್‌ವೇ 5,700 ಅಡಿ ಎತ್ತರದಲ್ಲಿದ್ದಂತೆ. ಸೆಸ್ನಾ 172ರಂಥ ತರಬೇತಿ ವಿಮಾನ ನೆಲ ಬಿಡಲು ಸಮುದ್ರಮಟ್ಟದ ತಂಪು ದಿನಕ್ಕಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು ದೂರ ಓಡಬೇಕು. ಎದ್ದ ಮೇಲೂ ಮೇಲೇರುವ ಚುರುಕು ಇರುವುದಿಲ್ಲ. 2,300 ಮೀಟರಿನ ಸಾಂಬ್ರಾದಲ್ಲಿ ಓಟಕ್ಕೆ ಕೊರತೆಯಿಲ್ಲ, ಸಣ್ಣ ಪಟ್ಟಿಯಲ್ಲಿ ಅದೇ ಪ್ರಾಣಕ್ಕೆ ಬರುತ್ತದೆ. ಒಳ್ಳೆಯ ಸಿಮ್ಯುಲೇಟರಿಗೆ ಅಂದಿನ ಹವೆ ಕೊಟ್ಟರೆ ಈ ಸೋಮಾರಿತನವನ್ನು ನಿಷ್ಠೆಯಿಂದ ತೋರಿಸುತ್ತದೆ. ಆಸ್ಟಿನ್ ಮೇಯರ್‌ನ ಎಕ್ಸ್-ಪ್ಲೇನ್ ರೆಕ್ಕೆಯನ್ನು ತುಂಡುತುಂಡಾಗಿ ವಿಭಾಗಿಸಿ ಒಂದೊಂದು ತುಂಡಿನ ಮೇಲೂ ಗಾಳಿಯ ಬಲ ಎಷ್ಟೆಂದು ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಈ ಪಾಠವನ್ನು ಮೈಯಿಂದ ಕಲಿಯಹೊರಟವನು ರನ್‌ವೇಯ ಕೊನೆಯಲ್ಲಿ ಕಲಿಯುತ್ತಾನೆ. ಅಂಕಿಯಿಂದ ಕಲಿಯುವುದೇ ವಿವೇಕ.

ಹಾಗೆಂದು ಮನೆಯ ಉಪಕರಣ ಸುಳ್ಳೇ ಹೇಳುವುದಿಲ್ಲ ಎಂದಲ್ಲ. ಒಂದು ಸುಳ್ಳಿದೆ, ಅದು ಕೈಯಲ್ಲಿದೆ, ಅದರ ಬಗ್ಗೆ ಎರಡೂ ಬಣ ಸಾಮಾನ್ಯವಾಗಿ ಮಾತಾಡುವುದಿಲ್ಲ. ಸೆಸ್ನಾದಲ್ಲಿ ವೇಗ ಇಳಿಸಿ ಮೂತಿಯನ್ನು ಅದೇ ಮಟ್ಟದಲ್ಲಿ ಹಿಡಿಯಬೇಕಾದಾಗ ಚಾಲನೆಯ ಹಿಡಿಯನ್ನು, ಅಂದರೆ ಯೋಕನ್ನು, ಹಿಂದಕ್ಕೆ ಎಳೆದು ಹಿಡಿಯುತ್ತೀರಿ. ಕೈಗೆ ಭಾರ ತಿಳಿಯುತ್ತದೆ. ಆಗ ಬಲಗೈಯಿಂದ ಟ್ರಿಮ್ ಚಕ್ರ ತಿರುಗಿಸುತ್ತ ಹೋದರೆ ಯೋಕ್ ಇದ್ದಲ್ಲೇ ಇರುತ್ತದೆ, ಭಾರ ಮಾತ್ರ ಕರಗುತ್ತ ಬರುತ್ತದೆ. ಪೂರ್ತಿ ಕರಗಿದಾಗ ಕೈ ಬಿಡಬಹುದು. ಸ್ಪ್ರಿಂಗಿನ ಜಾಯ್‌ಸ್ಟಿಕ್ಕಿನಲ್ಲಿ ನಡೆಯುವುದು ಬೇರೆಯೇ. ಅದರ ಸ್ಪ್ರಿಂಗಿಗೆ ಗೊತ್ತಿರುವುದು ನಡುಮಧ್ಯ ಒಂದೇ. ಟ್ರಿಮ್ ಮಾಡಿದಷ್ಟೂ ಕೋಲನ್ನು ನಡುವಿಗೆ ಸಡಿಲಿಸುತ್ತ ಬರಬೇಕು, ಇಲ್ಲವಾದರೆ ಮೂತಿ ಮೇಲೇಳುತ್ತದೆ. ವಿಮಾನದಲ್ಲಿ ಕೈ ನಿಲ್ಲಬೇಕು, ಮನೆಯಲ್ಲಿ ಕೈ ಸರಿಯಬೇಕು. ಇದನ್ನೇ ರೂಢಿ ಮಾಡಿಕೊಂಡು ಬಂದವನು ನಿಜವಾದ ವಿಮಾನದಲ್ಲಿ ಟ್ರಿಮ್ ಚಕ್ರದಿಂದಲೇ ವಿಮಾನ ಓಡಿಸಲು ನೋಡುತ್ತಾನೆ. ಫೋರ್ಸ್ ಫೀಡ್‌ಬ್ಯಾಕ್ ಇರುವ ದುಬಾರಿ ಯೋಕುಗಳಲ್ಲಿ ಈ ದೋಷವಿಲ್ಲ. ಆದರೆ ಹಣ ಕೂಡಿದಾಗ ನಮ್ಮವರು ಮೊದಲು ಕೊಳ್ಳುವುದು ಗ್ರಾಫಿಕ್ಸ್ ಕಾರ್ಡ್, ಆಮೇಲೆ ದೊಡ್ಡ ಪರದೆ. ಯೋಕಿನ ಸರದಿ ಬರುವುದೇ ಇಲ್ಲ. ಚಿತ್ರವೇ ವಾಸ್ತವ ಎಂಬ ನಂಬಿಕೆ ಜೇಬಿನವರೆಗೂ ಇಳಿದಿದೆ.

ಈಗ ಆ ಚಿತ್ರಕ್ಕೆ ಬರೋಣ. ಸಿಮ್ಯುಲೇಟರಿನಲ್ಲಿ ಸಾಂಬ್ರಾದಿಂದ ಪೂರ್ವಕ್ಕೆ ಹೊರಟು ಬೈಲಹೊಂಗಲ ದಾಟಿ ಸವದತ್ತಿಯ ದಿಕ್ಕು ಹಿಡಿದರೆ ಮುಂದೆ ಮಲಪ್ರಭೆಯ ನೀರು ಹರಡಿಕೊಂಡಿರುತ್ತದೆ. ನವಿಲುತೀರ್ಥದಲ್ಲಿ ಹೊಳೆ ಮರಳುಗಲ್ಲಿನ ಗುಡ್ಡವನ್ನು ಸೀಳಿಕೊಂಡು ಹೋಗುವ ಕಣಿವೆಗೆ ಅಣೆಕಟ್ಟು ಹಾಕಿ ನಿಲ್ಲಿಸಿದ ರೇಣುಕಾಸಾಗರ ಅದು, ತುಂಬಿದರೆ 37.73 ಟಿಎಂಸಿ. ಮೊದಲ ಸಲ ನೋಡಿದವರು ಮನಸೋಲುತ್ತಾರೆ, ನಾನೂ ಸೋತವನೇ. ಆದರೆ ಈ ನೀರು ಯಾವ ವರ್ಷದ್ದು, ಯಾವ ತಿಂಗಳದ್ದು? 2019ರ ಆಗಸ್ಟಿನಲ್ಲಿ ಇದೇ ಜಲಾಶಯ ತುಂಬಿ ಬಿಟ್ಟ ನೀರು ಮುನವಳ್ಳಿಯಿಂದ ರಾಮದುರ್ಗದವರೆಗೆ ಹೊಳೆದಂಡೆಯ ಊರುಗಳಿಗೆ ನುಗ್ಗಿತ್ತು. ಬರಗಾಲದಲ್ಲಿ ಇದೇ ಜಾಗದಲ್ಲಿ ದನ ಮೇಯುತ್ತವೆ. ನೆಲ ನೋಡಿ ಹಾರುವವನಿಗೆ ಜಲಾಶಯದ ಅಂಚು ಒಂದು ಮುಖ್ಯ ಗುರುತು, ಆ ಅಂಚು ವರ್ಷವಿಡೀ ಅಲೆಯುತ್ತಿರುತ್ತದೆ. ಸಿಮ್ಯುಲೇಟರಿನ ಅಂಚು ಅಲೆಯುವುದಿಲ್ಲ. ಉಪಗ್ರಹ ಎಂದೋ ತೆಗೆದ ಚಿತ್ರವನ್ನು ಎಂದೆಂದಿಗೂ ಹೊದಿಸಿಡುವುದು ಅದರ ಪದ್ಧತಿ. ಬೆಳೆಯ ಹಸಿರು, ಎರೆಯ ಕಪ್ಪು, ಕೊಯ್ಲಿನ ಹಳದಿ ಎಲ್ಲವೂ ಒಂದು ದಿನದ ಬಣ್ಣದಲ್ಲಿ ಹೆಪ್ಪುಗಟ್ಟಿವೆ.

ಇದನ್ನು ಸಣ್ಣ ದೋಷ ಎನ್ನುವವರಿದ್ದಾರೆ. ಮುಂದಿನ ಆವೃತ್ತಿಯಲ್ಲಿ ಋತುಮಾನವೂ ಬರುತ್ತದೆ, ಮನೆಗಳ ಮಾಳಿಗೆಯೂ ಸರಿಹೋಗುತ್ತದೆ ಎನ್ನುತ್ತಾರೆ. ಬರಲಿ. ನನ್ನ ಆಕ್ಷೇಪ ಬಣ್ಣದ ಮೇಲಲ್ಲ. ನೆಲವನ್ನು ನೋಡುವ ಕಣ್ಣು ಯಾವ ಕೆಲಸಕ್ಕಾಗಿ ನೋಡುತ್ತಿದೆ ಎಂಬುದರ ಮೇಲೆ. ತಾಲೂಕು ಕೇಂದ್ರದಲ್ಲಿ ಒಬ್ಬ ತರುಣ ಸಿಮ್ ಹಾರಾಟಗಾರ ನನಗೆ ಹುರುಪಿನಿಂದ ಹೇಳಿದ: “ಎಂಜಿನ್ ಬಂದ್ ಮಾಡಿ ಸೀದಾ ಹೊಲದಾಗ ಇಳಿಸೇನ್ರಿ ಸರ್, ಏನೂ ಆಗಿಲ್ಲ.” ನಾನು ಕೇಳಿದೆ, “ಯಾವ ಹೊಲದಾಗಪಾ? ಕಬ್ಬಿನ್ಯಾಗೋ, ಕಡ್ಲ್ಯಾಗೋ?” ಆತ ನಕ್ಕ. ಅವರಪ್ಪ ಕಬ್ಬು ಬೆಳೆಯುವವರು, ಪ್ರಶ್ನೆಯ ಮರ್ಮ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಎಂಜಿನ್ ನಿಂತಾಗ ಪೈಲಟ್ ಮಾಡಬೇಕಾದ ಆಯ್ಕೆ ಇದೇ. ಆಳೆತ್ತರ ಮೀರಿ ಬೆಳೆದ ಕಬ್ಬು ಮೇಲಿನಿಂದ ನುಣುಪಾದ ಹಸಿರು ಹಾಸಿನಂತೆ ಕಾಣುತ್ತದೆ, ಚಕ್ರ ತಾಗಿದ ಕೂಡಲೇ ವಿಮಾನವನ್ನು ಮುಗ್ಗರಿಸುತ್ತದೆ. ಮೊಣಕಾಲೆತ್ತರದ ಕಡಲೆ ಅಷ್ಟು ಕಾಡುವುದಿಲ್ಲ. ಜೋಳ ಕೊಯ್ದ ಕೂಳೆಯ ಹೊಲ ಗಟ್ಟಿ. ಹರಗಿ ಬಿಟ್ಟ ಹೊಲದಲ್ಲಿ ಸಾಲಿನ ಗುಂಟ ಇಳಿಯುವುದು ಬೇರೆ, ಸಾಲಿಗೆ ಅಡ್ಡ ಇಳಿಯುವುದು ಬೇರೆ. ಒಂದು ದೊಡ್ಡ ಮಳೆ ಕುಡಿದ ಎರೆಭೂಮಿ ಎತ್ತಿನ ಬಂಡಿಯ ಗಾಲಿಯನ್ನೇ ಬಿಡುವುದಿಲ್ಲ, ಮೂತಿಯ ಕೆಳಗಿನ ಸಣ್ಣ ಚಕ್ರದ ಗತಿಯೇನು? ಹೊಲದ ಅಂಚಿನ ಒಡ್ಡು, ಬೋರ್‌ವೆಲ್ಲಿಗೆ ಎಳೆದ ಕರೆಂಟಿನ ತಂತಿ, ಬದುವಿನ ಬನ್ನಿಗಿಡ, ಇವೆಲ್ಲ ಕಾಣುವಷ್ಟು ಕೆಳಗಿಳಿದಾಗ ಮನಸ್ಸು ಬದಲಿಸಲು ಎತ್ತರ ಉಳಿದಿರುವುದಿಲ್ಲ. ಪರದೆಯ ಮೇಲೆ ಈ ಎಲ್ಲ ಹೊಲಗಳೂ ಒಂದೇ: ಮೇಲೆ ಬಣ್ಣ, ಕೆಳಗೆ ಸಮತಟ್ಟಾದ ಗಟ್ಟಿ ನೆಲ. ಅಲ್ಲಿ ಎಲ್ಲಿ ಇಳಿದರೂ ಇಳಿದಂತೆಯೇ.

2023ರ ಮೇ 30ರಂದು ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ತೊಂದರೆಗೆ ಸಿಕ್ಕಿ ಸಮೀಪದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಮೇ ಕೊನೆ ಎಂದರೆ ನಮ್ಮ ಕಡೆ ಮುಂಗಾರಿಗೆ ಹೊಲ ಹದ ಮಾಡಿ ಕಾಯುವ ದಿನಗಳು. ಒಂದೆರಡು ತಿಂಗಳು ತಡವಾಗಿದ್ದರೆ ಅದೇ ನೆಲ ಅವರನ್ನು ಬೇರೆ ರೀತಿ ಎದುರುಗೊಳ್ಳುತ್ತಿತ್ತು. ಹೀಗೆ ಕ್ಯಾಲೆಂಡರ್ ಹಿಡಿದು ನೆಲ ಓದುವ ವಿದ್ಯೆ ಕಬ್ಬಿನ ಪಟ್ಟಿಯಲ್ಲಿ ಬೆಳೆದ ಹುಡುಗನಿಗೆ ಹುಟ್ಟಿನಿಂದ ಬಂದಿರುತ್ತದೆ. ಸಿಮ್ಯುಲೇಟರ್ ಮಾಡುವ ದೊಡ್ಡ ಅನ್ಯಾಯವೆಂದರೆ ಆ ವಿದ್ಯೆಗೆ ಕೆಲಸ ಕೊಡದಿರುವುದು. ತನ್ನ ಊರ ನೆಲವನ್ನು ಅಪ್ಪನಷ್ಟೇ ಬಲ್ಲವನನ್ನು ಅದು ಪ್ರವಾಸಿಯನ್ನಾಗಿ ಮಾಡಿ, ‘ನೋಡು, ನಿನ್ನ ಊರು ಎಷ್ಟು ಚೆನ್ನಾಗಿ ಕಾಣುತ್ತಿದೆ’ ಎನ್ನುತ್ತದೆ.

ಇಳಿಸುವ ಕೊನೆಯ ಕ್ಷಣಗಳ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಸಿಮ್‌ನಿಂದ ಬಂದ ವಿದ್ಯಾರ್ಥಿ ಕಿಟಕಿಯಾಚೆ ನೋಡದೆ ಮುಳ್ಳುಗಳ ಮೇಲೆ ಕಣ್ಣು ನೆಟ್ಟಿರುತ್ತಾನೆ ಎಂಬುದು ತರಬೇತುದಾರರ ಮಾಮೂಲು ದೂರು. ಇದನ್ನು ಆಟದ ಚಟ ಎಂದು ಬೈಯುವವರು ಕಾರಣ ನೋಡುವುದಿಲ್ಲ. ರನ್‌ವೇ ಹತ್ತಿರವಾದಾಗ ನೆಲ ಎಷ್ಟು ಕೆಳಗಿದೆ ಎಂದು ಹೇಳುವುದು ಓರೆನೋಟದ ಅಂಚಿನಲ್ಲಿ ಹಿಂದಕ್ಕೆ ಓಡುವ ಹುಲ್ಲು, ದೀಪ, ಗೆರೆಗಳು. ಒಂದು ಚಪ್ಪಟೆ ಪರದೆಗೆ ಆ ಅಂಚುಗಳೇ ಇಲ್ಲ. ಅಲ್ಲಿ ನಂಬಲರ್ಹ ಮಾಹಿತಿ ಕೊಡುವುದು ಉಪಕರಣ ಫಲಕ ಮಾತ್ರ, ಜಾಣ ವಿದ್ಯಾರ್ಥಿ ಅದನ್ನೇ ನೋಡಲು ಕಲಿಯುತ್ತಾನೆ. ತಲೆಗೆ ಧರಿಸುವ ವಿಆರ್ ಕನ್ನಡಕ ಆಳವನ್ನೂ ತಲೆ ತಿರುಗಿಸುವ ಸ್ವಾತಂತ್ರ್ಯವನ್ನೂ ಕೊಟ್ಟು ಇದನ್ನು ಬಹಳಷ್ಟು ಸರಿಪಡಿಸುತ್ತದೆ. ಕಬ್ಬಿನ ಎತ್ತರ ಅದಕ್ಕೂ ತಿಳಿಯದು.

ನನ್ನ ವಾದಕ್ಕೆ ಬಲವಾದ ಪ್ರತಿವಾದ ವೃತ್ತಿಪರರ ಕಡೆಯಿಂದ ಬರುತ್ತದೆ: ಮನೆಯದು ಬಿಡಿ, ವಿಮಾನ ಸಂಸ್ಥೆಗಳ ಕೋಟಿಗಟ್ಟಲೆ ಬೆಲೆಯ, ಆರು ಕಾಲುಗಳ ಮೇಲೆ ತೂಗಾಡುವ ಡಿ ದರ್ಜೆಯ ಸಿಮ್ಯುಲೇಟರ್ ನಿಜವಲ್ಲವೇ? ನುರಿತ ಪೈಲಟ್ ಹೊಸ ಮಾದರಿಯ ವಿಮಾನವನ್ನು ಪೂರ್ತಿ ಅದರಲ್ಲೇ ಕಲಿತು, ಆ ವಿಮಾನವನ್ನು ಮೊದಲ ಬಾರಿ ಮುಟ್ಟುವಾಗ ಹಿಂದೆ ಪ್ರಯಾಣಿಕರು ಕೂತಿರುತ್ತಾರೆ. ಸರಿ. ಆದರೆ ಆ ಯಂತ್ರದಲ್ಲಿ ನಿಲ್ದಾಣದ ಆಚೆಗಿನ ಸೀಮೆಯನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಅದು ಅಲ್ಲಿ ಮುಖ್ಯವೇ ಅಲ್ಲ. ಜೆಟ್ಟಿನ ಪೈಲಟ್ ಹೊಲ ಆರಿಸಬೇಕಿಲ್ಲ. ಪ್ರಕ್ರಿಯೆ, ಉಪಕರಣ, ಜೊತೆಗಾರನೊಡನೆ ಕೆಲಸದ ಹಂಚಿಕೆ, ತುರ್ತಿನ ಸರದಿ, ಇವಿಷ್ಟು ಸರಿಯಿದ್ದರೆ ಸಾಕು. ನಿಷ್ಠೆಯನ್ನು ಕೆಲಸ ನೋಡಿ ಅಳೆಯುತ್ತಾರೆ, ನೋಟ ನೋಡಿ ಅಲ್ಲ.

ಬೆಂಗಳೂರಿನಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. 2001ರ ಜನವರಿ 4ರಂದು ಪರೀಕ್ಷಾ ಪೈಲಟ್ ರಾಜೀವ್ ಕೊಠಿಯಾಲ್ ತೇಜಸ್ ಯುದ್ಧವಿಮಾನದ ಮೂಲಮಾದರಿಯನ್ನು ಮೊದಲ ಬಾರಿ ಆಕಾಶಕ್ಕೆ ಒಯ್ದರು. ಕಂಪ್ಯೂಟರ್ ಹಿಡಿದಿಡದಿದ್ದರೆ ನೆಟ್ಟಗೆ ನಿಲ್ಲದಂತೆ ಬೇಕೆಂದೇ ರೂಪಿಸಿದ ವಿಮಾನವದು. ಅದರ ನಿಯಂತ್ರಣ ಸೂತ್ರಗಳನ್ನು ಅದಕ್ಕೆ ಮುಂಚೆಯೇ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ನೆಲದ ಸಿಮ್ಯುಲೇಟರಿನಲ್ಲಿ ಪರೀಕ್ಷಾ ಪೈಲಟ್‌ಗಳು ಮತ್ತೆ ಮತ್ತೆ ಹಾರಿಸಿ ತಿದ್ದಿಸಿದ್ದರು. ಅದು ಆಟ ಎಂದು ಅವರಲ್ಲಿ ಯಾರೂ ಕೈಕಟ್ಟಿ ಕೂರಲಿಲ್ಲ. ಅದಷ್ಟೇ ಸಾಕೆಂದೂ ಸುಮ್ಮನಾಗಲಿಲ್ಲ. 1996ರಲ್ಲಿ ಅಮೆರಿಕದಲ್ಲಿ, ಬೇರೊಂದು ವಿಮಾನದ ನಡತೆಯನ್ನು ಆಕಾಶದಲ್ಲಿ ಅನುಕರಿಸಬಲ್ಲ ಎಫ್-16 ವಿಸ್ತಾ ಎಂಬ ಹಾರುವ ಸಿಮ್ಯುಲೇಟರಿನಲ್ಲಿ ಅವೇ ಸೂತ್ರಗಳನ್ನು ಹಾರಿಸಿ ನೋಡಿದರು. ನೆಲದ ಯಂತ್ರ ಎಲ್ಲಿಯವರೆಗೆ ಸತ್ಯ, ಎಲ್ಲಿಂದಾಚೆ ಊಹೆ ಎಂಬ ಗೆರೆಯನ್ನು ಎಳೆದುಕೊಂಡು ಕೆಲಸ ಮಾಡಿದ ಜನ ಅವರು.

ಗೆರೆ ಎಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆಯಿದೆ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಎದ್ದ ಅಮೆರಿಕನ್ ಏರ್‌ಲೈನ್ಸಿನ ಏರ್‌ಬಸ್ ಎ300 ಬಿದ್ದು, ನೆಲದ ಮೇಲಿದ್ದವರೂ ಸೇರಿ 265 ಮಂದಿ ಸತ್ತರು. ಮುಂದೆ ಹೋದ ವಿಮಾನದ ಗಾಳಿಸುಳಿ ತಾಗಿದಾಗ ಸಹಪೈಲಟ್ ರಡರ್ ಎಂಬ ಬಾಲದ ಚುಕ್ಕಾಣಿಯನ್ನು ಎಡಬಲ ಜೋರಾಗಿ ತುಳಿದ ಹೊಡೆತಕ್ಕೆ ಬಾಲದ ಲಂಬ ರೆಕ್ಕೆ ಕಿತ್ತುಹೋಗಿತ್ತು. ತನಿಖಾ ಮಂಡಳಿ ರಡರ್ ವ್ಯವಸ್ಥೆಯ ವಿನ್ಯಾಸದ ಜೊತೆಗೆ ಸಂಸ್ಥೆಯ ತರಬೇತಿಯ ಅಂಶಗಳನ್ನೂ ಹೆಸರಿಸಿತು. ಆ ತರಬೇತಿಯ ಸಿಮ್ಯುಲೇಟರ್ ಪಾಠದಲ್ಲಿ ವಿಮಾನ ವಿಪರೀತ ವಾಲುತ್ತಿತ್ತು, ಪೈಲಟ್ ತಿದ್ದಲು ಹೋದರೆ ಕ್ಷಣಹೊತ್ತು ಸ್ಪಂದಿಸದಂತೆಯೂ ಮಾಡಿದ್ದರು. ಗಾಳಿಸುಳಿ ಅಷ್ಟು ಭೀಕರ ಎಂಬ ತಪ್ಪು ಅಂದಾಜನ್ನು ಪೈಲಟ್ ಅಲ್ಲಿಂದ ಹೊತ್ತು ಬಂದಿರಬಹುದು ಎಂಬುದು ಮಂಡಳಿಯ ಅಭಿಪ್ರಾಯ. ಕುರ್ಚಿ ಅಲುಗುತ್ತಿತ್ತು, ಮೈಗೆ ತಿಳಿಯುತ್ತಿತ್ತು, ಕಾಕ್‌ಪಿಟ್ ಗುಂಡಿ ಗುಂಡಿಯೂ ಸರಿಯಿತ್ತು. ಇಂದ್ರಿಯಗಳ ಕೋಲಿನಿಂದ ಅಳೆದರೆ ಅದಕ್ಕಿಂತ ನಿಜವಾದದ್ದು ಸಿಗುವುದು ಕಷ್ಟ. ನಿಜವೆಂದು ಕಂಡದ್ದರಿಂದಲೇ ಅದರ ಸುಳ್ಳು ಮನಸ್ಸಿಗೆ ಇಳಿಯಿತು.

ಇನ್ನುಳಿದದ್ದು ಭಯದ ವಾದ. ಸಿಮ್ಯುಲೇಟರಿನಲ್ಲಿ ಸಾವಿಲ್ಲ, ಹಾಗಾಗಿ ಸತ್ಯವೂ ಇಲ್ಲ ಎನ್ನುವುದು ಕೇಳಲು ಚೆಂದ. ಆದರೆ ಭಯ ಕಲಿಸುವ ಮೇಷ್ಟರಾಗಿದ್ದರೆ ಇಲಿನಾಯ್ ಅಧ್ಯಯನದ ಆ 20 ಮಂದಿ ಬೇಗ ಕಲಿಯಬೇಕಿತ್ತು. ಸಿಮ್ಯುಲೇಟರಿನಲ್ಲಿ ನಿಜಕ್ಕೂ ಇಲ್ಲವಾಗುವುದು ಹಿಂದಿರುಗದ ಸಮಯ, ಅದನ್ನು ಇಲ್ಲವಾಗಿಸುವುದು ಕೂತವನ ಬೆರಳು. ಜುಲೈ ತಿಂಗಳು ಎಂದುಕೊಳ್ಳಿ. ಬೆಳಗಾವಿಯ ಮಳೆಯ ಅರ್ಧವೂ ರಾಮದುರ್ಗಕ್ಕಿಲ್ಲ. ಅಲ್ಲಿ ಬಿಸಿಲು, ಪಶ್ಚಿಮಕ್ಕೆ ಬಂದಂತೆ ಮೋಡ ತಗ್ಗುತ್ತ ಬರುತ್ತದೆ. ಬೈಲಹೊಂಗಲದ ಹತ್ತಿರ ಬಂದಾಗ ಸಾಂಬ್ರಾ ಕಾಣುವುದಿಲ್ಲ. ಮುಂದುವರಿಯಬೇಕೇ, ಎಡಕ್ಕೆ ಹೊರಳಿ ಹುಬ್ಬಳ್ಳಿಗೆ ಹೋಗಬೇಕೇ? ಎಣ್ಣೆ ಎಷ್ಟಿದೆ, ಬೆಳಕು ಎಷ್ಟು ಹೊತ್ತು ಇದೆ? ಈ ಇಕ್ಕಟ್ಟನ್ನು ಸಿಮ್ಯುಲೇಟರ್ ಪೂರ್ತಿಯಾಗಿ ಕಟ್ಟಿಕೊಡಬಲ್ಲದು. ಪಾಜ್ ಗುಂಡಿ ಒತ್ತಿ ಚಹಾಕ್ಕೆ ಎದ್ದುಹೋಗುವವನು, ಕೆಟ್ಟರೆ ಹತ್ತು ಮೈಲಿ ಹಿಂದಿನಿಂದ ಮತ್ತೆ ಶುರು ಮಾಡುವವನು ಅದನ್ನು ಆಟವಾಗಿಸುತ್ತಾನೆ. ವ್ಯಾಟ್‌ಸಿಮ್‌ನಂಥ ಜಾಲದಲ್ಲಿ ಜೀವಂತ ಮನುಷ್ಯರು ಕಂಟ್ರೋಲರ್‌ಗಳಾಗಿ ಕೂತಿರುತ್ತಾರೆ. ಅಲ್ಲಿ ಕೇಳಿಸಿಕೊಂಡು ಮರುನುಡಿಯದೆ ಗತಿಯಿಲ್ಲ, ತಡೆದು ನಿಲ್ಲಿಸಲು ಬರುವುದಿಲ್ಲ. ಆ ಶಿಸ್ತಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ಆದ್ದರಿಂದ ಪೈಲಟ್ ಆಗಬೇಕೆಂದು ಹಟ ಹಿಡಿದ ಮಕ್ಕಳ ತಂದೆತಾಯಿಗೆ ನಾನು ಹೇಳುವುದು ಇಷ್ಟು. ಹಳೆಯ ಕಂಪ್ಯೂಟರೇ ಸಾಕು. ಮೋಡದೊಳಗೆ ಹಾರುವುದು, ರೇಡಿಯೋ ಮಾತು, ಚೆಕ್‌ಲಿಸ್ಟ್, ಬಿಸಿಲ ಮಧ್ಯಾಹ್ನದ ಟೇಕ್‌ಆಫ್ ಲೆಕ್ಕ, ಇವನ್ನು ಮನೆಯಲ್ಲೇ ಕಲಿಯಲಿ. ಗಂಟೆಗೆ ಐದಂಕಿ ಕೊಟ್ಟು ಕಲಿಯಬೇಕಾದ ಪಾಠಗಳಲ್ಲ ಅವು. ಟ್ರಿಮ್, ಇಳಿಸುವ ಕಣ್ಣು, ಹೊಲ ಆರಿಸುವುದು, ಇವುಗಳಲ್ಲಿ ಸಿಮ್ಯುಲೇಟರ್ ಕೊಟ್ಟ ಅಂಕವನ್ನು ನಂಬಬೇಡಿ. ಎರಡನೆಯ ಪರದೆಗೆ ಎತ್ತಿಟ್ಟ ಹಣವಿದ್ದರೆ ಅದನ್ನು ತರಬೇತುದಾರರೊಡನೆ ಒಂದು ಗಂಟೆಯ ನಿಜವಾದ ಹಾರಾಟಕ್ಕೆ ಕಟ್ಟಿ, ಹೊರಡುವ ಮುಂಚೆ ಒಂದೇ ಮಾತು ಕೇಳಿ: ‘ನಮ್ಮ ಹುಡುಗಿಗೆ ಮೇಲಿನಿಂದ ಹೊಲ ತೋರ್ಸ್ರಿ, ಯಾವುದರಾಗ ಇಳೀಬಹುದು, ಯಾವುದರಾಗ ಇಳೀಬಾರದು ಅಂತ ಆಕಿನ್ನ ಕೇಳ್ರಿ.’ ತರಬೇತಿ ಶಾಲೆಗಳಿಗೂ ಒಂದು ಮಾತು. ಸಿಮ್‌ನಿಂದ ಬಂದವರನ್ನು ಮೊದಲ ದಿನವೇ ಆಟದ ಹುಡುಗರೆಂದು ಹೀಗಳೆಯುವ ಬದಲು, ಯಾವುದನ್ನು ಕಲಿತು ಬಂದಿದ್ದಾರೆ ಎಂದು ಪರೀಕ್ಷಿಸಿ, ಅಷ್ಟು ಪಾಠದ ಗಂಟೆಯನ್ನು ಅವರಿಗೆ ಉಳಿಸಿಕೊಡಿ. ಸಿಮ್ಯುಲೇಟರ್ ನಿಜವೋ ಅಲ್ಲವೋ ಎಂದು ಜಗಳಾಡುವುದಕ್ಕಿಂತ ಈ ಕೆಲಸ ಕಷ್ಟ, ಏಕೆಂದರೆ ಇದರಲ್ಲಿ ಎರಡೂ ಬಣದವರು ತಮ್ಮ ಕೋಲನ್ನು ಕೆಳಗಿಡಬೇಕಾಗುತ್ತದೆ.